ಗೊನೆ ಎಣಿಸಿದರೆ ಸಾಲದು: ಬೇಸ್‌ಬಾಲ್ ತಂಡದ ಎಳೆಯ ಆಟಗಾರರ ಬಲ ಅಳೆಯುವ ಬಗೆ

ಎಲ್ಲರಿಗೂ ನಮಸ್ಕಾರ.

ಮಲೆನಾಡಿನಲ್ಲಿ ಅಡಿಕೆ ತೋಟವನ್ನು ಚೇಣಿಗೆ ಹಿಡಿಯುವವರನ್ನು ನೀವು ನೋಡಿರಬಹುದು. ಫಸಲು ಮರದಲ್ಲೇ ಇರುವಾಗ ಕತ್ತೆತ್ತಿ ನೋಡಿ ಬೆಲೆ ಕಟ್ಟುತ್ತಾರೆ. ಗೊನೆ ಎಣಿಸುವುದು ಸುಲಭ. ಯಾವ ಗೊನೆ ಎಷ್ಟು ತೂಗೀತು, ಕೊಳೆರೋಗಕ್ಕೆ ಎಷ್ಟು ಹೋದೀತು ಎಂಬ ಅಂದಾಜು ಕಷ್ಟ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಒಂದು ತಂಡದ ಕೈಕೆಳಗೆ ಬೆಳೆಯುತ್ತಿರುವ ಆಟಗಾರರ ಪಡೆಗೆ ಫಾರ್ಮ್ ಸಿಸ್ಟಮ್ ಎಂದೇ ಹೆಸರು. ಅದರ ಬೆಲೆ ಕಟ್ಟುವವರೂ ಇದೇ ಕೆಲಸ ಮಾಡುತ್ತಾರೆ, ಗೊನೆ ಎಣಿಸಿ ನಿಲ್ಲಿಸುವ ತಪ್ಪನ್ನೂ ಮಾಡುತ್ತಾರೆ.

ಮೊದಲು ತೋಟದ ಅಳತೆ. ಅಲ್ಲಿನ ಅತಿ ಮೇಲಿನ ಹಂತವಾದ ಮೇಜರ್ ಲೀಗ್‌ನಲ್ಲಿ 30 ತಂಡಗಳಿವೆ. 2021ರ ಮರುಜೋಡಣೆಯ ನಂತರ ಪ್ರತಿಯೊಂದಕ್ಕೂ ಕೆಳಗೆ ಮೈನರ್ ಲೀಗ್‌ನ ನಾಲ್ಕು ಹಂತದ ತಂಡಗಳು: ಕೆಳಗಿನಿಂದ ಸಿಂಗಲ್-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ. ಅದಕ್ಕೂ ಕೆಳಗೆ ಅರಿಜೋನಾ ಅಥವಾ ಫ್ಲಾರಿಡಾದ ಕಾಂಪ್ಲೆಕ್ಸ್ ಲೀಗ್, ಇನ್ನೂ ಕೆಳಗೆ ಹದಿಹರೆಯದ ಹುಡುಗರು ಆಡುವ ಡೊಮಿನಿಕನ್ ಸಮ್ಮರ್ ಲೀಗ್. 2024ರಿಂದ ಅಮೆರಿಕದೊಳಗೆ ಒಂದು ತಂಡ 165 ಮೈನರ್ ಲೀಗ್ ಆಟಗಾರರನ್ನಷ್ಟೇ ಇಟ್ಟುಕೊಳ್ಳಬಹುದು. ಇವರಲ್ಲಿ ಹೆಚ್ಚಿನವರು ಮೇಲಿನ ಲೀಗ್ ಮುಟ್ಟುವುದೇ ಇಲ್ಲ. ಹಾಗಾಗಿ ತೂಗಬೇಕಾದದ್ದು ಹೆಚ್ಚೆಂದರೆ 40-45 ಹೆಸರು.

ತೂಕದ ಕಲ್ಲು 20ರಿಂದ 80ರವರೆಗಿನ ಅಂಕಮಾನ. ಆಟಗಾರರನ್ನು ಹುಡುಕಿ ಅಳೆಯುವ ಸ್ಕೌಟ್‌ಗಳು ಬ್ಯಾಟರ್‌ನ ಹೊಡೆತ, ಬಲ, ಓಟ, ಫೀಲ್ಡಿಂಗ್, ಎಸೆತ ಐದಕ್ಕೂ ಬೇರೆಬೇರೆ ಅಂಕ ಕೊಡುತ್ತಾರೆ. 50 ಎಂದರೆ ಸರಾಸರಿ. ಆದರೆ ಅದು ಮೇಜರ್ ಲೀಗ್‌ನ ಸರಾಸರಿ, ಮೈನರ್ ಲೀಗ್‌ನದಲ್ಲ. ಹೊಸಬರು ಎಡವುವುದು ಇಲ್ಲೇ. ಬಲಗೈ ಬ್ಯಾಟರ್ ಹೋಮ್ ಪ್ಲೇಟ್‌ನಿಂದ ಮೊದಲ ಬೇಸ್‌ಗೆ ಸುಮಾರು 4.3 ಸೆಕೆಂಡಿನಲ್ಲಿ ಓಡಿದರೆ ಓಟಕ್ಕೆ 50. ಬ್ಯಾಟರ್ ಹಿಂದೆ ಕೂರುವ ಕ್ಯಾಚರ್ ಚೆಂಡು ಹಿಡಿದಾಗಿನಿಂದ ಅದು ಎರಡನೇ ಬೇಸ್ ತಲುಪಲು ಸುಮಾರು 2.0 ಸೆಕೆಂಡ್ ಹಿಡಿದರೆ ಅದೂ ಸರಾಸರಿ. ಪ್ರತಿ ಗುಣಕ್ಕೂ ಇಂದಿನ ಅಂಕ, ಮುಂದಿನ ಅಂಕ ಎರಡನ್ನೂ ಬರೆಯುತ್ತಾರೆ. 18 ವರ್ಷದವನ ಹೊಡೆತದ ಮುಂದೆ 30/55 ಎಂದಿದ್ದರೆ ಆ 25 ಅಂಕದ ಅಂತರವೇ ಅಪಾಯದ ಅಳತೆ.

ಕೊನೆಗೆ ಇವೆಲ್ಲವನ್ನೂ ಕೂಡಿಸಿ ಒಬ್ಬನಿಗೆ ಒಂದೇ ಅಂಕ ಕೊಡುತ್ತಾರೆ. 50 ಎಂದರೆ ಖಾಯಂ ಸ್ಥಾನ ಹಿಡಿಯಬಲ್ಲ ಸರಾಸರಿ ಆಟಗಾರ. 40 ಎಂದರೆ ಬೆಂಚಿನವನು. ನೋಡಲು ಐದೈದು ಅಂಕದ ಸಣ್ಣ ಮೆಟ್ಟಿಲು, ಬೆಲೆಯಲ್ಲಿ ಮಾತ್ರ ಹಾಗಿಲ್ಲ. ಬೇಸ್‌ಬಾಲ್ ಅಂಕಿಅಂಶದ ಜಾಲತಾಣ ಫ್ಯಾನ್‌ಗ್ರಾಫ್ಸ್ 2018ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ 45ರ ಬ್ಯಾಟರ್ ತನ್ನ ತಂಡಕ್ಕೆ ಸುಮಾರು 60 ಲಕ್ಷ ಡಾಲರ್ ಮೌಲ್ಯದವನಾದರೆ, 50ರವನು 2.8 ಕೋಟಿ ಡಾಲರ್‌ನವನು. ನಾಲ್ಕು ಪಟ್ಟಿಗೂ ಹೆಚ್ಚು! ಕಾರಣ ಸರಳ. 45ರ ಮಟ್ಟದವರು ಮಾರುಕಟ್ಟೆಯಲ್ಲಿ ಅಗ್ಗಕ್ಕೇ ಸಿಗುತ್ತಾರೆ. ಸರಾಸರಿ ಆಟಗಾರನನ್ನು ಮುಕ್ತ ಮಾರುಕಟ್ಟೆಯಲ್ಲಿ ಕೊಳ್ಳಲು ಹೋದರೆ ಕೋಟಿಗಳು ಬೇಕು, ಮನೆಯಲ್ಲೇ ಬೆಳೆದವನು ಮೇಜರ್ ಲೀಗ್‌ನ ಮೊದಲ ಆರು ವರ್ಷ ನಿಮ್ಮ ಹಿಡಿತದಲ್ಲೇ ಇರುತ್ತಾನೆ, ಅದರಲ್ಲಿ ಮೊದಲ ಕೆಲವು ವರ್ಷ ಕನಿಷ್ಠ ಸಂಬಳದ ಆಸುಪಾಸಿನಲ್ಲೇ. ಆದ್ದರಿಂದ 45ರ ನಾಲ್ವರಿಗಿಂತ 50ರ ಒಬ್ಬ ಮೇಲು. ‘ನಮ್ಮಲ್ಲಿ ಆಳವಿದೆ’ ಎನ್ನುವ ತಂಡದ ಮಾತನ್ನು ಈ ಲೆಕ್ಕ ಮಾಡದೆ ನಂಬಬೇಡಿ.

ಅದೇ ಪಟ್ಟಿಯಲ್ಲಿ 50ರ ಪಿಚರ್‌ಗೆ, ಎಂದರೆ ಚೆಂಡು ಎಸೆಯುವವನಿಗೆ, 2.1 ಕೋಟಿ ಡಾಲರ್ ಮಾತ್ರ. ಇಬ್ಬರ ಅಂಕವೂ ಒಂದೇ, ಬೆಲೆ ಬೇರೆ. ನಮ್ಮ ಕೊಳೆರೋಗ ಇದು: ಮೊಣಕೈ, ಭುಜ. ಹರಿದ ಮೊಣಕೈ ಅಸ್ಥಿರಜ್ಜಿಗೆ ಮಾಡುವ ಟಾಮಿ ಜಾನ್ ಶಸ್ತ್ರಚಿಕಿತ್ಸೆಯಾದರೆ 12ರಿಂದ 18 ತಿಂಗಳು ಹೋಯಿತು, ಮರಳಿ ಬಂದಾಗ ವೇಗವೂ ಕಂಟ್ರೋಲ್ ಕೂಡ ಹಾಗೇ ಇರುತ್ತವೆಂಬ ಭರವಸೆಯಿಲ್ಲ.

2011ರ ಕಾನ್ಸಾಸ್ ಸಿಟಿ ರಾಯಲ್ಸ್ ತಂಡವನ್ನು ನೋಡಿ. ಬೇಸ್‌ಬಾಲ್ ಅಮೆರಿಕ ಪತ್ರಿಕೆಯ ಆ ವರ್ಷದ ಮೊದಲ ನೂರು ಎಳೆಯ ಆಟಗಾರರ ಪಟ್ಟಿಯಲ್ಲಿ ಒಂದೇ ತಂಡದ ಒಂಬತ್ತು ಹೆಸರುಗಳಿದ್ದವು. ಹಾಸ್ಮರ್, ಮೂಸ್ಟಾಕಸ್, ಮೈಯರ್ಸ್, ಕೊಲೋನ್ ಬ್ಯಾಟರ್‌ಗಳು. ಲ್ಯಾಂಬ್, ಮಾಂಟ್ಗೊಮರಿ, ಡಫಿ, ಡ್ವೈಯರ್ ನಾಲ್ವರೂ ಎಡಗೈ ಪಿಚರ್‌ಗಳು, ಜೊತೆಗೆ ಬಲಗೈಯ ಒಡೊರಿಝಿ. ಎಡಗೈಯ ನಾಲ್ವರಲ್ಲಿ ರಾಯಲ್ಸ್‌ಗೆ ವರ್ಷಗಟ್ಟಲೆ ಆಸರೆಯಾದವನು ಡಫಿ ಒಬ್ಬನೇ. ಲ್ಯಾಂಬ್‌ಗೆ ಅದೇ ವರ್ಷ ಮೊಣಕೈ ಶಸ್ತ್ರಚಿಕಿತ್ಸೆ. ಬ್ಯಾಟರ್‌ಗಳಲ್ಲಿ ಹಾಸ್ಮರ್, ಮೂಸ್ಟಾಕಸ್ ಇಬ್ಬರೂ 2015ರಲ್ಲಿ ವರ್ಲ್ಡ್ ಸೀರೀಸ್, ಎಂದರೆ ಮೇಜರ್ ಲೀಗ್‌ನ ಫೈನಲ್ ಸರಣಿ, ಗೆದ್ದ ತಂಡದ ಖಾಯಂ ಆಟಗಾರರು.

ಆ ಕಪ್‌ಗೆ ಇನ್ನೊಂದು ದಾರಿಯೂ ಇತ್ತು. 2012ರ ಡಿಸೆಂಬರ್‌ನಲ್ಲಿ ಮೈಯರ್ಸ್, ಮಾಂಟ್ಗೊಮರಿ, ಒಡೊರಿಝಿಯರನ್ನು ಟ್ಯಾಂಪಾ ಬೇಗೆ ಕೊಟ್ಟು ಜೇಮ್ಸ್ ಶೀಲ್ಡ್ಸ್, ವೇಡ್ ಡೇವಿಸ್ ಅವರನ್ನು ತಂದರು. ಮರುವರ್ಷ ಮೈಯರ್ಸ್ ಅಮೆರಿಕನ್ ಲೀಗ್‌ನ ವರ್ಷದ ಹೊಸ ಆಟಗಾರನಾದ. ರಾಯಲ್ಸ್ ಮೋಸಹೋಯಿತು ಎಂದರು. 2015ರ ಫೈನಲ್‌ನ ಕೊನೆಯ ಔಟ್ ಪಡೆದವನು ಡೇವಿಸ್. ಲ್ಯಾಂಬ್ ಕೂಡ 2015ರಲ್ಲಿ ಜಾನಿ ಕ್ವೇಟೊನನ್ನು ತರುವ ವಿನಿಮಯದಲ್ಲಿ ಹೋದ. ಮೇಜರ್ ಲೀಗ್‌ನಲ್ಲಿ ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವ ಡ್ರಾಫ್ಟ್‌ನ ಸರದಿಗಳನ್ನು, ಕೆಲವು ವಿಶೇಷ ಸರದಿಗಳ ಹೊರತು, ಮಾರುವಂತಿಲ್ಲ. ಹಾಗಾಗಿ ಕೊಡುಕೊಳ್ಳುವಿಕೆಯಲ್ಲಿ ಎಳೆಯ ಆಟಗಾರರೇ ಚಲಾವಣೆಯ ನಾಣ್ಯ. ಇನ್ನು, 2015ರ ಆ ಫೈನಲ್ ಸರಣಿಯ ಶ್ರೇಷ್ಠ ಆಟಗಾರ ಯಾರು? ಒಂಬತ್ತರಲ್ಲಿ ಇಲ್ಲದ ವೆನೆಜುವೆಲಾದ ಕ್ಯಾಚರ್ ಸಾಲ್ವಡಾರ್ ಪೆರೆಜ್. ನೂರರ ಪಟ್ಟಿಯ ಹೊರಗಿನ 40-45ರ ಅಂಕದವರಲ್ಲಿ ಒಳ್ಳೆಯ ರಕ್ಷಣೆ ಬಲ್ಲ ಕ್ಯಾಚರ್, ಶಾರ್ಟ್‌ಸ್ಟಾಪ್‌ಗಳು (ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವವರು) ಎಷ್ಟಿದ್ದಾರೆಂದು ನಾವು ಬೇರೆಯಾಗಿ ನೋಡುವುದು ಇದಕ್ಕೇ. ಶಾರ್ಟ್‌ಸ್ಟಾಪ್ ಆಡುವವನನ್ನು ಬೇರೆಡೆ ನಿಲ್ಲಿಸಬಹುದು, ಫಸ್ಟ್ ಬೇಸ್‌ನವನಿಗೆ ಬ್ಯಾಟ್ ಬಿಟ್ಟರೆ ಬೇರೆ ಗತಿಯಿಲ್ಲ.

ಅಂಕಿಅಂಶ ಓದುವಾಗ ಮೊದಲು ವಯಸ್ಸು ನೋಡಿ. ಡಬಲ್-ಎ ಹಂತದಲ್ಲಿ ಹೆಚ್ಚಿನವರು 23-24ರವರು. ಅಲ್ಲಿ 20 ವರ್ಷದವನೊಬ್ಬ ಸರಾಸರಿಯಾಗಿ ಆಡಿದರೂ ಅದು 25 ವರ್ಷದವನ ಅಬ್ಬರಕ್ಕಿಂತ ದೊಡ್ಡ ಸುದ್ದಿ. ರಣಜಿಯಲ್ಲಿ 19ರ ಹುಡುಗನ 40ರ ಸರಾಸರಿಯನ್ನೂ 29ರವನ 40ನ್ನೂ ನಾವು ಒಂದೇ ಎನ್ನುತ್ತೇವೆಯೇ? ಎರಡನೆಯದು ಮೈದಾನ. ಬೆಂಗಳೂರಿನ ಸುಮಾರು 900 ಮೀಟರ್ ಎತ್ತರದಲ್ಲೇ ಚೆಂಡು ಹೆಚ್ಚು ಹಾರುತ್ತದೆನ್ನುತ್ತೇವೆ. ಟ್ರಿಪಲ್-ಎ ತಂಡವಿರುವ ಆಲ್ಬುಕರ್ಕಿ 1,500 ಮೀಟರ್‌ಗೂ ಮೇಲಿದೆ. ಅಲ್ಲಿ ಹೋಮ್ ರನ್ ಉಬ್ಬುತ್ತದೆ, ಕರ್ವ್‌ಬಾಲ್ ಕಡಿಮೆ ತಿರುಗುತ್ತದೆ. ಫ್ಲಾರಿಡಾ ಸ್ಟೇಟ್ ಲೀಗ್‌ನ ದೊಡ್ಡ ಮೈದಾನಗಳಲ್ಲಿ ಇದರ ತದ್ವಿರುದ್ಧ. ಎರಡೂ ಕಡೆಯ 15 ಹೋಮ್ ರನ್ ಒಂದೇ ತೂಕದ್ದಲ್ಲ.

ಬ್ಯಾಟಿಂಗ್ ಸರಾಸರಿಗಿಂತ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟಾಗುವುದು) ಪ್ರಮಾಣ ಬೇಗ ನಿಜ ಹೇಳುತ್ತದೆ. ಸಿಂಗಲ್-ಎ ಹಂತದಲ್ಲೇ ನೂರಕ್ಕೆ 30 ಸಲ ಸ್ಟ್ರೈಕ್‌ಔಟ್ ಆಗುವವನಿಗೆ ಮೇಲೆ ಹೋದಂತೆ ಇನ್ನೂ ಕಷ್ಟ, ಎಷ್ಟೇ ದೂರ ಹೊಡೆದರೂ. ಪಿಚರ್‌ನಲ್ಲಿ ಮೂರನೇ ಎಸೆತ ಹುಡುಕಿ. ಫಾಸ್ಟ್‌ಬಾಲ್, ಸ್ಲೈಡರ್ ಎರಡನ್ನೇ ನಂಬಿದ ಬಲಗೈಯವನು ಎಡಗೈ ಬ್ಯಾಟರ್‌ಗಳ ಮುಂದೆ ಸಿಕ್ಕಿಬೀಳುತ್ತಾನೆ. ವೇಗ ತಗ್ಗಿಸಿ ಮೋಸಗೊಳಿಸುವ ಚೇಂಜ್‌ಅಪ್ ಎಸೆತ ಬರದಿದ್ದರೆ, ವಾಕ್‌ಗಳೂ (ಗುರಿ ತಪ್ಪಿದ ಎಸೆತಗಳಿಂದ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಬೇಸ್) ಹೆಚ್ಚಿದ್ದರೆ, ಅವನನ್ನು ಇಂದೇ ರಿಲೀವರ್, ಎಂದರೆ ಪಂದ್ಯದ ನಡುವೆ ಬಂದು ಎಸೆಯುವವನು, ಎಂದು ಬರೆದು 40 ಕೊಡುವುದು ಕ್ಷೇಮ.

ಜನ ಮರೆಯುವ ಇನ್ನೊಂದು ಸಂಗತಿ, ಜಾಗ. 18 ಅಥವಾ ಅದಕ್ಕೂ ಮೊದಲು ಸಹಿ ಮಾಡಿದವನನ್ನು ಐದು ಸೀಸನ್ ಮುಗಿಯುವಷ್ಟರಲ್ಲಿ, 19 ಅಥವಾ ಅದಕ್ಕೂ ಮೇಲೆ ಸಹಿ ಮಾಡಿದವನನ್ನು ನಾಲ್ಕು ಸೀಸನ್‌ನಲ್ಲಿ, ಮೇಜರ್ ಲೀಗ್ ತಂಡದ 40 ಜನರ ಪಟ್ಟಿಗೆ ಸೇರಿಸಬೇಕು. ಇಲ್ಲದಿದ್ದರೆ ಡಿಸೆಂಬರ್‌ನ ರೂಲ್ 5 ಡ್ರಾಫ್ಟ್‌ನಲ್ಲಿ ಬೇರೆ ತಂಡ 1 ಲಕ್ಷ ಡಾಲರ್ ಕೊಟ್ಟು ಎತ್ತಿಕೊಳ್ಳಬಹುದು. 45ರ ಎಂಟು ಮಂದಿಗೆ ಒಂದೇ ನವೆಂಬರ್‌ನಲ್ಲಿ ಗಡುವು ಬಂದರೆ ಎಲ್ಲರಿಗೂ ಜಾಗವಿರುವುದಿಲ್ಲ, ಕೆಲವರನ್ನು ಸಿಕ್ಕ ಬೆಲೆಗೆ ಬಿಡಬೇಕಾಗುತ್ತದೆ. ಆದ್ದರಿಂದ ಪ್ರತಿ ಹೆಸರಿನ ಪಕ್ಕ ಈ ಗಡುವಿನ ವರ್ಷ ಬರೆದಿಡಿ.

ರ‍್ಯಾಂಕ್ ಇಳಿದರೆ ಗಾಬರಿ ಬೇಡ. ಮೇಜರ್ ಲೀಗ್‌ನಲ್ಲಿ 130 ಅಟ್-ಬ್ಯಾಟ್ (ಬ್ಯಾಟಿಂಗ್ ಸರದಿ) ದಾಟಿದ ಬ್ಯಾಟರ್ ಅಥವಾ 50 ಇನಿಂಗ್ಸ್ ದಾಟಿದ ಪಿಚರ್ ಹೊಸಬರ ಪಟ್ಟಿಯಿಂದ ಹೊರಗೆ. ಬಾಲ್ಟಿಮೋರ್ ಓರಿಯೋಲ್ಸ್‌ನ ರಚ್‌ಮನ್ 2022ರಲ್ಲಿ, ಹೆಂಡರ್ಸನ್ 2023ರಲ್ಲಿ, ಹಾಲಿಡೇ 2024ರಲ್ಲಿ ಬೇಸ್‌ಬಾಲ್ ಅಮೆರಿಕದ ಪಟ್ಟಿಯ ಮೊದಲಿಗರು. ಒಬ್ಬೊಬ್ಬರಾಗಿ ಮೇಲಕ್ಕೆ ಹೋದಂತೆ ಕೆಳಗಿನ ತೋಟ ಬರಿದಾದಂತೆ ಕಾಣುವುದು ಸಹಜ, ಅದು ಕೊಯ್ಲು. ಅದಕ್ಕೇ ಕಳೆದ ಎರಡು ವರ್ಷಗಳಲ್ಲಿ ಮೇಲೆ ಹೋದವರ ಹೆಸರನ್ನು ಪಕ್ಕದ ಅಂಕಣದಲ್ಲಿ ಇಟ್ಟುಕೊಂಡೇ ತಂಡಗಳನ್ನು ಹೋಲಿಸಬೇಕು.

ಲೆಕ್ಕವನ್ನು ವರ್ಷಕ್ಕೆ ಎರಡು ಸಲ ಮಾಡಿ: ಫೆಬ್ರವರಿಯಲ್ಲಿ ಒಮ್ಮೆ, ಜುಲೈ ಡ್ರಾಫ್ಟ್ ಮತ್ತು ವಿನಿಮಯದ ಗಡುವು ಮುಗಿದ ಮೇಲೆ ಆಗಸ್ಟ್ ಮಧ್ಯದಲ್ಲಿ ಇನ್ನೊಮ್ಮೆ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಬಹುದು.