ಡಿವಿಡಿ ರೈಟ್ ಆಗವಲ್ದಾ? ಎಲ್ಲಿ ನಿಂತೈತಿ ಅದನ್ನ ನೋಡ್ರಿ

ನಮಸ್ಕಾರ್ರಿ. ಡ್ರೈವ್ ಡಿಸ್ಕ್ ಓದ್ತೈತಿ, ಹಾಡು ಹಚ್ಚಿದ್ರ ಹಾಡ್ತೈತಿ, ಆದ್ರ ರೈಟ್ ಮಾಡು ಅಂದ್ರ ಮಾಡವಲ್ದು. ಬಾಗಲಕೋಟಿ ನವನಗರದಾಗ ಮದುವಿ ವಿಡಿಯೋ ಕೊಡೋ ಸ್ಟುಡಿಯೋದವ್ರು, ಕೋರ್ಟಿಗೆ ಸಿಡಿ ಹಾಜರ್ ಮಾಡೋ ವಕೀಲರ ಆಫೀಸ್‌ದವ್ರು, ಸ್ಕ್ಯಾನ್ ಸೆಂಟರ್‌ದವ್ರು, ಎಲ್ಲಾರ್ದೂ ಇದ ತಕರಾರು. ಇವ್ರಿಗೆ ಡಿಸ್ಕ್ ಇನ್ನೂ ಬೇಕಾಗೇತಿ. ಪೆನ್‌ಡ್ರೈವ್ ಕೊಟ್ರ ಯಾರಾರ ಅಳಿಸಬಹುದು, ಒಮ್ಮೆ ಅಷ್ಟ ಬರಿಯಾಕ ಬರೋ ಡಿವಿಡಿ ಹಂಗ ಅಳಿಸಾಕ ಬರೂದಿಲ್ಲ.

ಡ್ರೈವ್ ಕಿತ್ತು ಒಗಿಯೂಕಿಂತ ಮೊದ್ಲ ಒಂದ ಮಾತು ನೋಡ್ರಿ: ಕೆಲಸ ಎಷ್ಟು ಪರ್ಸೆಂಟಿಗೆ ನಿಂತೈತಿ? ಡಿಸ್ಕಿನ ಮ್ಯಾಲ ಬರಹ ನಡುವಿನಿಂದ ಅಂಚಿನ ಕಡೆ ಹೋಗ್ತೈತಿ. ಅದಕ್ಕ ಪರ್ಸೆಂಟ್ ಅನ್ನೂದು ಟೈಮಿನ ಲೆಕ್ಕ ಅಷ್ಟ ಅಲ್ಲ, ಡಿಸ್ಕಿನ ಮ್ಯಾಲಿನ ಜಾಗಾನೂ ತೋರಸ್ತೈತಿ. ಸೊನ್ನಿಗೆ ನಿಂತಿದ್ದಕ್ಕ ಒಂದು ಕಾರಣ, ನಡುವ ನಿಂತಿದ್ದಕ್ಕ ಬ್ಯಾರೆ, 90 ದಾಟಿ ನಿಂತಿದ್ದಕ್ಕ ಇನ್ನೂ ಬ್ಯಾರೆ.

ಈಗ ತೆರಿ ಮ್ಯಾಲ ಕಾಣ್ತಿರೂದು ಇಂಗ್‌ಬರ್ನ್. ಡಿಸ್ಕ್ ಬರಿಯೋ, ಅಂದ್ರ ಬರ್ನ್ ಮಾಡೋ, ಪುಕ್ಕಟ ಸಾಫ್ಟ್‌ವೇರ್, 2013ರ 2.5.8 ಇದರ ಕಡೀ ಆವೃತ್ತಿ, ಇಂದಿಗೂ ಕೆಲಸ ಮಾಡ್ತೈತಿ. ವಿಂಡೋಸ್ ತಾನಾಗೇ ಬರ್ನ್ ಮಾಡ್ತೈತಿ ಖರೆ, ಆದ್ರ ತಪ್ಪಾದಾಗ ಯಾಕ ತಪ್ಪಾತು ಅಂತ ಬಾಯಿ ಬಿಡೂದಿಲ್ಲ. ಇದು ಹಂಗಲ್ಲ, ಡ್ರೈವ್ ಕೊಟ್ಟ ಉತ್ತರಾನ ಇದ್ದಂಗ ಲಾಗ್‌ದಾಗ, ಅಂದ್ರ ನಡದದ್ದರ ದಾಖಲಿಯೊಳಗ, ಬರೀತೈತಿ.

ಮೊದ್ಲ ಸೊನ್ನಿ ಪರ್ಸೆಂಟಿನ ಕಥಿ. ಲಾಗ್‌ದಾಗ ‘ಪವರ್ ಕ್ಯಾಲಿಬ್ರೇಶನ್ ಏರಿಯಾ ಎರರ್’ ಅಂತ ಬಂದೈತಿ, ನೋಡ್ರಿ. ಒಗ್ಗರಣಿ ಹಾಕೂಕಿಂತ ಮೊದ್ಲ ಎಣ್ಣಿ ಕಾದೈತೋ ಇಲ್ಲೋ ಅಂತ ನಾಲ್ಕು ಸಾಸಿವಿ ಕಾಳು ಒಗದು ನೋಡ್ತೀವಲ್ಲ, ಡ್ರೈವ್ ಮಾಡೂದೂ ಅದನ್ನ. ಡಿಸ್ಕಿನ ಒಳಗಡೆ ಅಂಚಿನ್ಯಾಗ ಸಣ್ಣ ಜಾಗಾ ಇದಕ್ಕಂತ ಬಿಟ್ಟಿರ್ತಾರ. ಅಲ್ಲಿ ಲೇಸರನ್ನ ಹೆಚ್ಚು ಕಡಿಮಿ ಮಾಡಿ ಬರದು, ಬರದದ್ದನ್ನ ತಾನ ಓದಿ, ಈ ಡಿಸ್ಕಿಗೆ ಎಷ್ಟು ಶಕ್ತಿ ಸಾಕು ಅಂತ ಅಳೀತೈತಿ. ಆ ಅಳತಿ ಕೂಡಲಿಲ್ಲಂದ್ರ ಮುಂದ ಹೋಗೂದ ಇಲ್ಲ.

ಯಾಕ ಕೂಡಂಗಿಲ್ಲ? ಬಹಳ ಸಲ ಡಿಸ್ಕಿಂದ ತಪ್ಪು. ಇಂಗ್‌ಬರ್ನ್ ಬಲಗಡೆ ‘ಡಿಸ್ಕ್ ಐಡಿ’ ಅಂತ ಒಂದು ಸಾಲು ಇರ್ತೈತಿ. ಡಬ್ಬಿ ಮ್ಯಾಲಿನ ಹೆಸರು ಮಾರೋರದ್ದು, ಐಡಿ ಖರೇವಂದ್ರ ತಯಾರ್ ಮಾಡಿದವ್ರದ್ದು. ಸಿಎಂಸಿ ಮ್ಯಾಗ್ ಅಂತ ಬಂದ್ರ ತೈವಾನಿನ ಸಿಎಂಸಿ, ಎಂಸಿಸಿ ಅಂತ ಬಂದ್ರ ಮಿತ್ಸುಬಿಷಿ ಕೆಮಿಕಲ್. ಡ್ರೈವಿನ ಫರ್ಮ್‌ವೇರ್, ಅಂದ್ರ ಅದರೊಳಗಿನ ಸಾಫ್ಟ್‌ವೇರ್, ಈ ಐಡಿ ನೋಡೇ ಯಾವ ಡಿಸ್ಕಿಗೆ ಲೇಸರ್ ಹೆಂಗ ಹೊಡೀಬೇಕು ಅಂತ ಆರಿಸ್ಕೊಳ್ತೈತಿ. ಪಟ್ಟಿಯೊಳಗ ಇಲ್ಲದ ಐಡಿ ಬಂದ್ರ ಅಂದಾಜಿನ ಮ್ಯಾಲ ಹೊಡೀತೈತಿ. ಅದಕ್ಕ ಪರೀಕ್ಷಾ ಮಾಡುವಾಗ ಅದ ಡಬ್ಬಿಯ ಇನ್ನೊಂದು ಡಿಸ್ಕ್ ಹಾಕಿ ಉಪಯೋಗಿಲ್ಲ; ಐಡಿ ಬ್ಯಾರೆ ಇರೋ ಡಿಸ್ಕ್ ಹಾಕ್ರಿ. ಒಮ್ಮೆ ಬರಿಯೋ ಡಿವಿಡಿಯೊಳಗ ಮೈನಸ್ ಆರ್, ಪ್ಲಸ್ ಆರ್ ಅಂತ ಎರಡು ಜಾತಿ; ಮೈನಸ್ ಆಗಲಿಲ್ಲಂದ್ರ ಪ್ಲಸ್ ಹಾಕಿ ನೋಡ್ರಿ.

ನಮ್ಮ ಕಡೆ ಅಂಗಡ್ಯಾಗ ಈಗ ಸಿಗೋ ಡಿಸ್ಕ್ ಬಹಳಷ್ಟು ಹಳೇ ಸ್ಟಾಕ್. ಮೋಸರ್ ಬೇಯರ್ ಕಂಪನಿ 2018ರಾಗ ಲಿಕ್ವಿಡೇಶನ್‌ಗೆ ಹೋತು, ಅದರ ಹೆಸರಿನ ಡಿಸ್ಕ್ ಈಗ ಕೈಗೆ ಬಂತಂದ್ರ ಅದು ವರ್ಷಗಟ್ಟಲೆ ಕಪಾಟಿನ್ಯಾಗ ಕುಂತ ಮಾಲು. ಬರಿಯೋ ಪದರು ಸಾವಯವ ಬಣ್ಣದ್ದು; ಬಿಸಲು, ಸೆಕಿ, ತೇವ ಮೂರೂ ಅದಕ್ಕ ಆಗೂದಿಲ್ಲ. ಬೆಳಗಾವಿ ಮಳಿಗಾಲ, ವಿಜಯಪುರದ ಬ್ಯಾಸಗಿ ಎರಡೂ ಕಂಡ ಡಿಸ್ಕ್ ಹೊರಗ ಹೊಸದ ಕಂಡ್ರೂ ಒಳಗ ಸೋತಿರ್ತೈತಿ. ಐವತ್ತರ ಡಬ್ಬಿ ತರೂಕಿಂತ ಮೊದ್ಲ ಐದು ಬಿಡಿ ಡಿಸ್ಕ್ ತಂದು ಬರದು ನೋಡ್ರಿ.

ಸೊನ್ನಿಗೇ ನಿಲ್ಲಾಕ ಇನ್ನೊಂದು ಕಾರಣ, ಫೈಲ್ ಹಿಡಿಸದ ಇರೂದು. ಡಬ್ಬಿ ಮ್ಯಾಲಿನ 4.7 ಜಿಬಿ ವಿಂಡೋಸಿನ ಲೆಕ್ಕದಾಗ 4.38 ಅಷ್ಟ. 4.5 ಜಿಬಿ ಫೋಲ್ಡರ್ ಹಿಡಿಸೂದಿಲ್ಲ. ಒಂದ ಫೈಲ್ 4 ಜಿಬಿ ದಾಟಿದ್ರ ಫೈಲ್ ಸಿಸ್ಟಂ (ಡಿಸ್ಕಿನ್ಯಾಗ ಫೈಲ್ ಜೋಡಿಸೋ ಪದ್ಧತಿ) ಯುಡಿಎಫ್ ಇಡ್ರಿ.

ಇನ್ನ ಕರೆಂಟಿನ ಮಾತು. ಇದನ್ನ ಯಾರೂ ನೋಡೂದಿಲ್ಲ, ನನ್ನ ಲೆಕ್ಕದಾಗ ಎಲ್ಲಕ್ಕಿಂತ ಮೊದ್ಲ ನೋಡಬೇಕಾದ್ದು ಇದ. ಓದೂಕಿಂತ ಬರೆಯೂದಕ್ಕ ಲೇಸರಿಗೆ ಎಷ್ಟೋ ಪಟ್ಟು ಹೆಚ್ಚು ಶಕ್ತಿ ಬೇಕು. ಸೋತ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡೋ ಡಬ್ಬಿ) ಓದಾಕ ಸಾಲ್ತೈತಿ, ಬರಿಯಾಕ ಸಾಲೂದಿಲ್ಲ. ಮಲ್ಟಿಮೀಟರ್ 20 ವೋಲ್ಟ್ ಡಿಸಿಗೆ ಇಡ್ರಿ. ಅದ ಎಸ್‌ಎಂಪಿಎಸ್‌ನಿಂದ ಬಂದ, ಖಾಲಿ ಉಳದ ನಾಲ್ಕು ಪಿನ್ನಿನ ಕನೆಕ್ಟರ್ ತಗೊಂಡು ಕರಿ ಕಡ್ಡಿ ಕರಿ ವೈರಿಗೆ, ಕೆಂಪು ಕಡ್ಡಿ ಕೆಂಪು ವೈರಿಗೆ ಮುಟ್ಟಸ್ರಿ. 5 ವೋಲ್ಟ್ ಬರಬೇಕು, 4.75ರ ಕೆಳಗ ಇಳೀಬಾರ್ದು. ಹಳದಿ ವೈರಿನ್ಯಾಗ 12 ಬರಬೇಕು, 11.4ರ ಕೆಳಗ ಇಳೀಬಾರ್ದು. ಸುಮ್ನ ಇದ್ದಾಗ ಅಳದ್ರ ಎಲ್ಲಾ ಸರಿ ಕಾಣ್ತೈತಿ, ಅದಕ್ಕ ಬರ್ನ್ ಚಾಲೂ ಮಾಡಿ ಆಗ ಅಳೀರಿ. ಈ ಮೀಟರ್ ನೋಡ್ರಿ: ಸುಮ್ನಿದ್ದಾಗ 5.02 ಇತ್ತು, ಬರ್ನ್ ಒತ್ತಿದ ಕೂಡ್ಲೇ 4.71ಕ್ಕ ಬಿತ್ತು. ಇಲ್ಲಿ ಬದಲಿ ಮಾಡಬೇಕಾದ್ದು ಎಸ್‌ಎಂಪಿಎಸ್, ಡ್ರೈವ್ ಅಲ್ಲ.

ಯುಎಸ್‌ಬಿ ಡ್ರೈವ್ ಇದ್ದವ್ರಿಗೂ ಇದ ಮಾತು. ಯುಎಸ್‌ಬಿ 2 ಪೋರ್ಟ್ ಕೊಡೂದು 500 ಮಿಲಿಆಂಪ್, ಯುಎಸ್‌ಬಿ 3 ಕೊಡೂದು 900. ತಿರುಗೂಕೂ ಬರಿಯೂಕೂ ಕೂಡಿ ಡ್ರೈವ್ 1 ಆಂಪಿನ ಸನೇಕ ಎಳದ್ರ ನಡುವ ‘ಡಿವೈಸ್ ನಾಟ್ ರೆಡಿ’ ಅಂತ ಕೈ ಎತ್ತತೈತಿ. ಹಬ್ ಮ್ಯಾಲ ಹಚ್ಚಬ್ಯಾಡ್ರಿ, ಕ್ಯಾಬಿನೆಟ್ಟಿನ ಮುಂದಿನ ಪೋರ್ಟಿಗೂ ಬ್ಯಾಡ. ಹಿಂದಿನ ನೀಲಿ ಪೋರ್ಟಿಗೆ ನೇರ ಹಚ್ರಿ, ಎರಡು ತಲಿ ಇರೋ ಕೇಬಲ್ ಇದ್ರ ಎರಡೂ ಹಚ್ರಿ.

ನಡುವ ನಿಂತ್ರ? 20, 40, 60 ಅಂತ ಒಂದೊಂದು ಸಲ ಒಂದೊಂದು ಕಡೆ ನಿಲ್ತೈತಿ ಅಂದ್ರ ಡಿಸ್ಕ್ ಬಿಡ್ರಿ, ಡೇಟಾ ಬರೋ ದಾರಿ ನೋಡ್ರಿ. 16 ಎಕ್ಸ್ ಸ್ಪೀಡಿಗೆ ಬರಿಯೂದು ಅಂದ್ರ ಸೆಕೆಂಡಿಗೆ ಸುಮಾರು 22 ಎಂಬಿ. 2 ಎಂಬಿ ಬಫರ್ (ಬಂದ ಡೇಟಾ ಸ್ವಲ್ಪ ಹೊತ್ತು ಇಡೋ ಜಾಗಾ) ಇರೋ ಡ್ರೈವಿನ್ಯಾಗ ಅದು ಸೆಕೆಂಡಿನ ಹತ್ತನೇ ಭಾಗದಾಗ ಖಾಲಿ. 2000ದ ನಂತರದ ಡ್ರೈವ್‌ಗಳು ಬಫರ್ ಖಾಲಿ ಆದ್ರ ನಿಂತು, ಡೇಟಾ ಬಂದ ಮ್ಯಾಲ ಅಲ್ಲಿಂದ ಜೋಡಿಸಿ ಬರೀತಾವ. ಆದ್ರ ಸಾವಿರ ಸಲ ನಿಲ್ಲಿಸಿ ಜೋಡ್ಸಿದ ಬರಹ ಚೊಲೋ ಬರಹ ಅಲ್ಲ. ಪೆನ್‌ಡ್ರೈವಿನಿಂದ, ನೆಟ್‌ವರ್ಕಿನಿಂದ ನೇರ ಬರ್ನ್ ಮಾಡಬ್ಯಾಡ್ರಿ. ಮೊದ್ಲ ಎಲ್ಲಾ ಹಾರ್ಡ್ ಡಿಸ್ಕಿಗೆ ತಂದು ಒಂದ ಐಎಸ್ಒ (ಪೂರಾ ಡಿಸ್ಕಿನದು ಒಂದ ಫೈಲ್) ಮಾಡ್ರಿ, ಸಿ ಡ್ರೈವಿನ್ಯಾಗ 10 ಜಿಬಿ ಜಾಗಾ ಇಡ್ರಿ, ಆಂಟಿವೈರಸ್ ಸ್ಕ್ಯಾನ್ ನಡದಿದ್ರ ಮುಗಿಯೋತನ ತಡೀರಿ. ಆಮ್ಯಾಲ ಡ್ರೈವಿನಿಂದ ಮದರ್‌ಬೋರ್ಡಿಗೆ ಹೋಗೋ ಸಾಟಾ ಕೇಬಲ್ ಬದಲಿ ಮಾಡಿ, ಮದರ್‌ಬೋರ್ಡಿನ ಬ್ಯಾರೆ ಪೋರ್ಟಿಗೆ ಹಚ್ಚಿ ನೋಡ್ರಿ. ಕೇಬಲ್ಲಿಗೆ ಖರ್ಚು ಕಡಿಮಿ, ತಾಪತ್ರಯ ಅದರಿಂದ ಬಹಳ. ಹಳೇ ಐಡಿಇ (ಅಗಲ ಪಟ್ಟಿ ಕೇಬಲ್ಲಿನ) ಡ್ರೈವ್ ಇದ್ರ ಡಿವೈಸ್ ಮ್ಯಾನೇಜರ್‌ದಾಗ ಡಿಎಂಎ (ಡೇಟಾ ವೇಗದಿಂದ ಸಾಗಿಸೋ ಪದ್ಧತಿ) ಐತೋ ಇಲ್ಲೋ ನೋಡ್ರಿ. ವಿಂಡೋಸ್ ತಪ್ಪು ಎಣಿಸಿ ಎಣಿಸಿ ನಿಧಾನದ ಪಿಐಒಗೆ ಇಳಸಿರ್ತೈತಿ.

90 ದಾಟಿ ನಿಂತಿದ್ದು ಅಂದ್ರ ಹೊರ ಅಂಚಿನ ಮಾತು. ಡಿಸ್ಕಿಗೆ ಬಣ್ಣ ಬಳಿಯುವಾಗ ಅದು ಹೆಚ್ಚು ಕಡಿಮಿ ಆಗೂದು ಅಲ್ಲೇ, ಕೈಬೆರಳು ಮುಟ್ಟೂದೂ ಅಲ್ಲೇ. 16 ಎಕ್ಸ್ ಸ್ಪೀಡ್ ಖರೇವಂದ್ರ ಸಿಗೂದೂ ಅಂಚಿನ್ಯಾಗ ಅಷ್ಟ. ಆಗ ಡಿಸ್ಕ್ ನಿಮಿಷಕ್ಕ 9,000 ಸುತ್ತಿನ ಮ್ಯಾಲ ತಿರಗ್ತಿರ್ತೈತಿ. ಸ್ಟುಡಿಯೋದವ್ರು ವಧು ವರರ ಫೋಟೋದ ಕಾಗದದ ಸ್ಟಿಕ್ಕರ್ ಹಚ್ಚತಾರ ನೋಡ್ರಿ, ಅದು ಕೂದಲೆಳಿ ಅಷ್ಟ ಸರದಿದ್ರೂ ಡಿಸ್ಕ್ ಅದರ್ತೈತಿ, ಲೇಸರ್ ಗುರಿ ತಪ್ಪತೈತಿ. ಸ್ಟಿಕ್ಕರ್ ಬಿಟ್ಟು ಪ್ರಿಂಟೇಬಲ್ ಡಿಸ್ಕ್ ತಗೋರಿ, ಇಲ್ಲಾ ಮೆತ್ತನ ಮಾರ್ಕರ್‌ದಿಂದ ಬರೀರಿ. ಸಿಡಿ ಮ್ಯಾಲ ಅಂತೂ ಬಾಲ್‌ಪೆನ್ ಹಚ್ಚಲೇಬ್ಯಾಡ್ರಿ: ಡಿವಿಡಿಯೊಳಗ ಬರಹದ ಪದರು ಎರಡು ಪ್ಲಾಸ್ಟಿಕ್ ಬಿಲ್ಲಿಗಳ ನಡುವ ಇರ್ತೈತಿ, ಸಿಡಿಯೊಳಗ ಹೆಸರು ಬರಿಯೋ ಬದಿಗೇ ಹತ್ತಿರ ಇರ್ತೈತಿ.

ಸ್ಪೀಡ್ ಎಷ್ಟಿಡಬೇಕು? 16 ಎಕ್ಸ್ ಡಿಸ್ಕಿಗೆ 8 ಇಡ್ರಿ. ಪೂರಾ ಡಿಸ್ಕಿಗೆ ಎಂಟು ನಿಮಿಷದ ಆಸುಪಾಸು ಹಿಡೀತೈತಿ. ಎಲ್ಲಕ್ಕಿಂತ ಕಡಿಮಿ ಇಟ್ರ ಎಲ್ಲಕ್ಕಿಂತ ಚೊಲೋ ಅನ್ನೋ ಮಾತು ಈಗಿನ ಡಿಸ್ಕಿಗೆ ನಡಿಯೂದಿಲ್ಲ, ಅದರ ಬಣ್ಣ ವೇಗದ ಬರಹಕ್ಕಂತ ಮಾಡಿದ್ದು.

ಮೂರೂ ನೋಡಿದ್ರಿ, ಆದ್ರೂ ಆಗವಲ್ದು. ಈಗ ಲೆನ್ಸ್. ಎರಿ ಮಣ್ಣಿನ ಧೂಳು, ಸುಣ್ಣಕಲ್ಲಿನ ಪುಡಿ ನಮ್ಮ ಊರಾಗ ಎಲ್ಲಿ ಹೋಗಿ ಕೂಡೂದಿಲ್ಲ ಹೇಳ್ರಿ. ಲ್ಯಾಪ್‌ಟಾಪಿನ ಸ್ಲಿಮ್ ಡ್ರೈವ್ ಇದ್ರ ಟ್ರೇ ಹೊರಗ ಎಳದ್ರ ಲೆನ್ಸ್ ಕಣ್ಣಿಗೇ ಕಾಣ್ತೈತಿ. ದೊಡ್ಡ ಡ್ರೈವ್ ಇದ್ರ ಕರೆಂಟ್ ತಗದು, ಮುಂದಿನ ಸಣ್ಣ ತೂತಿನ್ಯಾಗ ನೆಟ್ಟಗ ಮಾಡಿದ ಜೆಮ್ ಕ್ಲಿಪ್ ಒತ್ತಿ ಟ್ರೇ ಹೊರಗ ತಗೀರಿ, ಕೆಳಗಿನ ನಾಲ್ಕು ಸ್ಕ್ರೂ ಬಿಚ್ರಿ. ಈಗ ಹತ್ತಿರದಿಂದ ತೋರಸಾಕತ್ತೀನಿ: ತೊಗರಿ ಕಾಳಿನಷ್ಟು ಲೆನ್ಸ್, ಕೂದಲಿನಂಥಾ ತಂತಿ ಮ್ಯಾಲ ತೂಗ್ತೈತಿ. ಅದಕ್ಕ ಒತ್ತಬಾರ್ದು. ಕಿವಿ ಕಡ್ಡಿಗೆ 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದ ಹನಿ, ಎರಡು ಸುತ್ತು ಹಗುರಾಗಿ, ಒಣ ಕಡ್ಡಿಯಿಂದ ಇನ್ನೊಂದು ಸುತ್ತು. ಥಿನ್ನರ್, ಪೆಟ್ರೋಲ್ ಹಚ್ಚಿದ್ರ ಪ್ಲಾಸ್ಟಿಕ್ ಲೆನ್ಸ್ ಮಬ್ಬಾಗ್ತೈತಿ. ಬಾಯಿಂದ ಊದಿದ್ರ ಉಗುಳ ಹನಿ ಕೂಡತಾವ. ಮುಚ್ಚಳ ಬಿಚ್ಚಿ ಕರೆಂಟ್ ಕೊಡಬ್ಯಾಡ್ರಿ, ಬರಿಯೋ ಲೇಸರ್ ಕಣ್ಣು ತಗೀತೈತಿ.

ಡ್ರೈವ್ ಕಂಪ್ಯೂಟರಿನ್ಯಾಗ ಕಾಣಿಸೂದ ಇಲ್ಲ, ಡಿವೈಸ್ ಮ್ಯಾನೇಜರ್‌ದಾಗ ಹಳದಿ ಗುರ್ತು, ಕೋಡ್ 19 ಅಥವಾ 39 ಅಂತಿದ್ರ ಅದು ಬಹಳ ಸಲ ಹಾರ್ಡ್‌ವೇರ್ ಅಲ್ಲ. ಹಳೇ ಬರ್ನಿಂಗ್ ಸಾಫ್ಟ್‌ವೇರ್ ತಗದು ಹಾಕಿದ ಮ್ಯಾಲ ಉಳದ ಫಿಲ್ಟರ್, ಅಂದ್ರ ವಿಂಡೋಸಿಗೂ ಡ್ರೈವಿಗೂ ನಡುವ ಕುಂತ ಸಣ್ಣ ಸಾಫ್ಟ್‌ವೇರ್. ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್ ಇಡೋ ಜಾಗಾ) ತೆರೀರಿ, ಲೋಕಲ್ ಮಷಿನ್, ಸಿಸ್ಟಂ, ಕರೆಂಟ್ ಕಂಟ್ರೋಲ್ ಸೆಟ್, ಕಂಟ್ರೋಲ್, ಕ್ಲಾಸ್. ಅದರಾಗ 4ಡಿ36ಇ965 ಇಂದ ಚಾಲೂ ಆಗೋ ಕೀ. ಮೊದ್ಲ ಅದನ್ನ ಎಕ್ಸ್‌ಪೋರ್ಟ್ ಮಾಡಿ ಇಟ್ಕೋರಿ. ಆಮ್ಯಾಲ ಅಪ್ಪರ್ ಫಿಲ್ಟರ್ಸ್, ಲೋವರ್ ಫಿಲ್ಟರ್ಸ್ ಎರಡೂ ಅಳಸಿ ರೀಸ್ಟಾರ್ಟ್ ಮಾಡ್ರಿ.

ಕಡೀದು, ಲೇಸರ್ ಮುಪ್ಪಾಗೇತೋ ಇಲ್ಲೋ ತಿಳಿಯೂದು. ಡಿವಿಡಿಗೆ 650 ನ್ಯಾನೊಮೀಟರಿನ ಕೆಂಪು ಲೇಸರ್, ಸಿಡಿಗೆ 780ರ ಬ್ಯಾರೆ ಲೇಸರ್. ಸಿಡಿ ಸರಿಯಾಗಿ ಬರೀತೈತಿ, ಡಿವಿಡಿ ಮೂರು ಬ್ಯಾರೆ ಬ್ಯಾರೆ ಐಡಿ ಹಾಕಿದ್ರೂ ಆಗವಲ್ದು ಅಂದ್ರ ಡಿವಿಡಿ ಲೇಸರ್ ಮುಗೀತು, ಡ್ರೈವ್ ಬದಲಿ ಮಾಡ್ರಿ. ಎರಡೂ ಆಗವಲ್ದು ಅಂದ್ರ ತಿರುಗಿ ಕರೆಂಟಿಗೂ ಕೇಬಲ್ಲಿಗೂ ಬರ್ರಿ. ಮುಂಜಾನೆ ಆಗ್ತೈತಿ, ಮಧ್ಯಾಹ್ನ ಆಗೂದಿಲ್ಲ ಅನ್ನೋ ಡ್ರೈವೂ ಇರ್ತಾವ. ಕಾದ ಲೇಸರ್ ಅಷ್ಟ ಕರೆಂಟಿಗೆ ಕಡಿಮಿ ಬೆಳಕು ಕೊಡ್ತೈತಿ, ಮೇ ತಿಂಗಳದಾಗ ಹೊರಗ 40 ಡಿಗ್ರಿ ದಾಟಿದ್ರ ಕ್ಯಾಬಿನೆಟ್ ಒಳಗ ಇನ್ನೂ ಹೆಚ್ಚು. ಎರಡು ಡಿಸ್ಕಿನ ನಡುವ ಹತ್ತು ನಿಮಿಷ ಬಿಡುವು ಕೊಡ್ರಿ.

ಡಿಸ್ಕ್ ಬರದಾತು ಅಂದ ಕೂಡ್ಲೇ ಕೈಗೆ ಕೊಡಬ್ಯಾಡ್ರಿ. ‘ವೆರಿಫೈ’ ಟಿಕ್ ಮಾಡಿ, ಪೂರಾ ಓದಿಸ್ರಿ. ಕೋರ್ಟಿಗೆ ಹೋಗೋದಿದ್ರ ಇನ್ನೊಂದು ಕೆಲಸ ಐತಿ. 2024ರ ಜುಲೈ 1ರಿಂದ ಹಿಂದಿನ ಸಾಕ್ಷ್ಯ ಕಾಯಿದೆಯ ಕಲಂ 65ಬಿ ಜಾಗಾದಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63 ಬಂದೈತಿ, ಅದರ ಸರ್ಟಿಫಿಕೇಟಿನ್ಯಾಗ ಫೈಲಿನ ಹ್ಯಾಶ್, ಅಂದ್ರ ಫೈಲಿನ ಬೆರಳಚ್ಚಿನಂಥಾ ಗುರುತು, ಬರೀಬೇಕು. ಕಮಾಂಡ್ ಪ್ರಾಂಪ್ಟ್‌ದಾಗ ಸರ್ಟ್‌ಯುಟಿಲ್ ಕಮಾಂಡ್, ಹ್ಯಾಶ್‌ಫೈಲ್ ಆಯ್ಕೆ, ಫೈಲಿನ ಹೆಸರು, ಕಡೀಕ ಎಸ್‌ಎಚ್‌ಎ256. ಹಾರ್ಡ್ ಡಿಸ್ಕಿನ ಫೈಲಿಗೆ ಒಮ್ಮೆ, ಡಿಸ್ಕಿನ ಫೈಲಿಗೆ ಒಮ್ಮೆ ಹಾಕ್ರಿ. 64 ಅಕ್ಷರದಾಗ ಒಂದ ಬ್ಯಾರೆ ಬಂದ್ರೂ ಆ ಡಿಸ್ಕ್ ಬದಿಗಿಟ್ಟು ಹೊಸದು ಬರೀರಿ.