ಹೊಳಿ ಅಲ್ಲೈತಿ, ಗುಂಡುಕಲ್ಲು ಇಲ್ಯಾಕ?

(ಶುರುವಿನ ಶಾಟ್: ಅಂಗೈ ಮೇಲೆ ಒಂದು ನುಣುಪು ಕಲ್ಲು. ಮುಖ ಇನ್ನೂ ಬೇಡ.)

ಈ ಕಲ್ಲು ನೋಡಿ. ಕೋಳಿಮೊಟ್ಟೆ ಗಾತ್ರ, ಮುಟ್ಟಿದರೆ ಸಾಬೂನಿನ ಹಾಗೆ ನುಣುಪು. ಹೊಳೆ ದಂಡೆಯಲ್ಲಿ ಸಿಕ್ಕಿದ್ದರೆ ಈ ವಿಡಿಯೋ ಮಾಡುತ್ತಲೇ ಇರಲಿಲ್ಲ. ಇದು ಸಿಕ್ಕಿದ್ದು ಮುಧೋಳದ ಕಡೆ ಒಂದು ಹೊಲದಲ್ಲಿ. ಕೃಷಿ ಹೊಂಡಕ್ಕೆ ಅಂತ ಜೆಸಿಬಿ ಬಿಟ್ಟಿದ್ದರು, ಹನ್ನೊಂದು ಅಡಿ ಹೋದ ಮೇಲೆ ಬಕೆಟ್ಟಿಗೆ ಕಟಕಟ ಅಂತ ಕಲ್ಲು ಬಡಿಯೋಕೆ ಶುರುವಾಯಿತು. ಘಟಪ್ರಭಾ ಅಲ್ಲಿಂದ ಅರ್ಧ ಕಿಲೋಮೀಟರ್ ದೂರ. ದೂರ ಬಿಡಿ, ಹೊಂಡದ ತಳಕ್ಕಿಂತ ಹೊಳೆಯೇ ಇನ್ನೂ ಎಷ್ಟೋ ಕೆಳಗಿದೆ.

ಹೊಲದ ಕಾಕಾ ಫೋಟೋ ಕಳಿಸಿ ಒಂದೇ ಸಾಲು ಬರೆದಿದ್ದರು. "ತಮ್ಮಾ, ಹೊಳಿ ಅಲ್ಲೈತಿ, ಗುಂಡುಕಲ್ಲು ಇಲ್ಯಾಕ?"

ಉತ್ತರ ಒಂದು ಸಾಲಿನಲ್ಲಿ ಹೇಳಿ ಮುಗಿಸಬಹುದು. ಹೊಳೆ ಒಂದು ಕಾಲಕ್ಕೆ ಇಲ್ಲೇ ಹರಿಯುತ್ತಿತ್ತು, ಆಮೇಲೆ ಕೆಳಗಿಳಿಯಿತು. ಆದರೆ "ಒಂದು ಕಾಲಕ್ಕೆ" ಅಂದರೆ ಯಾವಾಗ? ಅಜ್ಜನ ಕಾಲವಾ, ಚಾಲುಕ್ಯರ ಕಾಲವಾ, ಅದಕ್ಕೂ ಹಿಂದಾ? ಇದು ನನ್ನ ತಲೆ ತಿನ್ನೋಕೆ ಶುರುಮಾಡಿತು. ಭಾನುವಾರ ಬೈಕ್ ಹತ್ತಿದೆ.

(ಹೊಂಡದ ಶಾಟ್. ಡ್ರೋನ್ ಇಲ್ಲ, ಏಣಿ ಮೇಲೆ ನಿಂತು ತೆಗೆದದ್ದು.)

ಬೇಸಿಕ್ಸ್ ಅರ್ಧ ನಿಮಿಷ. ಹೊಳೆ ಒಂದು ಮಟ್ಟದಲ್ಲಿ ಹರಿಯುತ್ತಾ ತಳದಲ್ಲಿ ಕಲ್ಲು ಹಾಸುತ್ತದೆ, ನೆರೆ ಬಂದಾಗಲೆಲ್ಲ ದಂಡೆ ಮೇಲೆ ಉಸುಕು, ರೇವೆ ಹರಡುತ್ತದೆ. ಆಮೇಲೆ ಹವಾಮಾನ ಬದಲಾಗಬಹುದು, ನೆಲವೇ ಮೇಲೇಳಬಹುದು, ಹೊಳೆ ತನ್ನ ಪಾತ್ರವನ್ನೇ ಕೊರೆದುಕೊಂಡು ಕೆಳಗಿಳಿಯುತ್ತದೆ. ಹಳೆಯ ಬಯಲು ಮೇಲೇ ಉಳಿದುಬಿಡುತ್ತದೆ. ಮತ್ತೆ ಸ್ವಲ್ಪ ಕಾಲ ನಿಂತು, ಮತ್ತೆ ಇಳಿದರೆ ಇನ್ನೊಂದು ಪಾವಟಿಗೆ. ಹೊಳೆಯಿಂದ ಮಡ್ಡಿ ಕಡೆ ನಡೆದರೆ ಮೆಟ್ಟಿಲು ಹತ್ತಿದ ಹಾಗೇ ಅನಿಸುತ್ತದೆ, ನಮ್ಮವರು ಅದನ್ನೇ ಕೆಳಗಿನ ಹೊಲ, ನಡುವಿನ ಹೊಲ, ಮ್ಯಾಲಿನ ಹೊಲ ಅಂತಾರೆ. ಮನೆ ಕಟ್ಟುವಾಗ ಕೆಳಗಿನ ಪಾವಟಿಗೆ ಮೊದಲು, ಹೊಳೆ ಕಟ್ಟುವಾಗ ಮೇಲಿನದು ಮೊದಲು. ಅಷ್ಟೇ. ಭೂವಿಜ್ಞಾನದವರು ಇದಕ್ಕೆ ಟಿ0, ಟಿ1, ಟಿ2 ಅಂತ ನಂಬರ್ ಹಾಕುತ್ತಾರೆ, ಒಬ್ಬರು ಕೆಳಗಿನಿಂದ ಎಣಿಸಿದರೆ ಇನ್ನೊಬ್ಬರು ಮೇಲಿನಿಂದ ಎಣಿಸುತ್ತಾರೆ, ನಾವು ಕೆಳಗಿನಿಂದ ಎಣಿಸೋಣ, ಜಗಳ ಬೇಡ.

ಈ ಗುಂಡುಕಲ್ಲಿನ ಪದರಗಳು ಹೊಸ ಸುದ್ದಿಯೇನಲ್ಲ. 1863ರಲ್ಲಿ ಚೆನ್ನೈ ಹತ್ತಿರದ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕಲ್ಲಿನ ಉಪಕರಣ ಗುರುತಿಸಿದ ರಾಬರ್ಟ್ ಬ್ರೂಸ್ ಫೂಟ್ ಆಮೇಲೆ ನಮ್ಮ ಕಡೆಗೂ ಬಂದರು. ಮಲಪ್ರಭಾ, ಘಟಪ್ರಭಾ ಕಣಿವೆಗಳಲ್ಲಿ ಇಂಥ ಉಪಕರಣಗಳನ್ನೇ ಕಂಡರು. ಮುಂದೆ ಬಾದಾಮಿ ಕಡೆಯ ಖ್ಯಾಡ, ಘಟಪ್ರಭಾ ದಂಡೆಯ ಅನಗವಾಡಿಯಲ್ಲೂ ಕೈಗೊಡಲಿಗಳು ಸಿಕ್ಕವು. ಹಾಗಾಗಿ ನಿಮ್ಮ ಬಾವಿಯಲ್ಲಿ ಯಾರೋ ಕೆತ್ತಿದ ಹಾಗೆ ಕಾಣುವ ಕಲ್ಲು ಬಂದರೆ ಕುಡುಗೋಲು ಮಸೆಯೋಕೆ ಇಟ್ಟುಕೊಳ್ಳಬೇಡಿ, ಸಿಕ್ಕ ಜಾಗದ ಫೋಟೋ ತೆಗೆದು ಯಾರಿಗಾದರೂ ತೋರಿಸಿ.

ಈಗ ಹೊಂಡಕ್ಕಿಳಿಯೋಣ. ಒಂದು ಮಾತು. ಗೋಡೆ ನೆಟ್ಟಗೆ ನಿಂತಿರುವ ಆಳದ ಗುಂಡಿಗೆ ಇಳಿಯಬೇಡಿ, ಎರೆ ಮಣ್ಣು ಹೇಳದೆ ಕೇಳದೆ ಕುಸಿಯುತ್ತದೆ. ಈ ಹೊಂಡದ ಒಂದು ಬದಿ ಇಳಿಜಾರು ಇತ್ತು, ಅದಕ್ಕೇ ಇಳಿದೆ.

ಮಣ್ಣಿನ ವರ್ಣನೆ ಅಂದರೆ ಮೊದಲ ಕೆಲಸ ಗೋಡೆ ಕೆರೆಯುವುದು. ಜೆಸಿಬಿ ಹಲ್ಲು ಎಳೆದ ಗೋಡೆಯಲ್ಲಿ ಮೇಲಿನ ಮಣ್ಣೆಲ್ಲ ಕೆಳಗೆ ಬಳಿದುಕೊಂಡಿರುತ್ತದೆ, ಎಲ್ಲಾ ಒಂದೇ ಥರ ಕಾಣುತ್ತದೆ. ಕುರ್ಪಿ ತಗೊಂಡು ಒಂದು ಮೊಳ ಅಗಲ ಮೇಲಿಂದ ಕೆಳತನಕ ಕೆರೆದೆ. ಕಾಕಾ ಮೇಲೆ ನಿಂತು, "ತಮ್ಮಾ, ಗ್ವಾಡಿಗೆ ಸುಣ್ಣಾ ಹಚ್ಚಾಂವ ಅದಿ ಏನ?" ಅಂದರು. ಅರ್ಧ ತಾಸಿನ ಮೇಲೆ ಗೋಡೆ ಬಾಯಿ ಬಿಟ್ಟಿತು.

(ಟೇಪ್ ಹಿಡಿದ ಶಾಟ್. ಸೆಂಟಿಮೀಟರ್ ಕಡೆ ಜೂಮ್.)

ಮೇಲಿನ 20 ಸೆಂಟಿಮೀಟರ್ ಗಳೆ ಹೊಡೆದ ಪುಡಿ ಮಣ್ಣು. ಅಲ್ಲಿಂದ 150ರ ತನಕ ಕರ್ರಗಿನ ಎರೆ. ಆಮೇಲೆ 330ರ ತನಕ ಕಂದು ಬಣ್ಣದ ರೇವೆ, ಅದರಲ್ಲಿ ಅಲ್ಲಲ್ಲಿ ಸಕ್ಕರೆ ಗುಳಿಗೆಯಂಥ ಬಿಳಿ ಸುಣ್ಣದ ಹರಳು. ಅದರ ಕೆಳಗೆ ನಮ್ಮ ಹೀರೋ, ಗುಂಡುಕಲ್ಲು. ಚಪ್ಪಟೆ ಕಲ್ಲುಗಳೆಲ್ಲ ಒಂದರ ಮೇಲೊಂದು ಒಂದೇ ಕಡೆ ವಾಲಿಕೊಂಡು ಮಲಗಿದ್ದವು, ಹಂಚು ಹೊದಿಸಿದ ಹಾಗೆ. ನೀರು ಎಲ್ಲಿಂದ ಬರುತ್ತಿತ್ತೋ ಆ ಕಡೆಗೇ ಅವು ವಾಲುವುದು. ಗುಡ್ಡ ಜರಿದು ಬಿದ್ದ ಕಲ್ಲು ಹೀಗೆ ಮಲಗುವುದಿಲ್ಲ.

ಬಣ್ಣ ನೋಡೋಕೆ ಮನ್ಸೆಲ್ ಅಂತ ಒಂದು ಪುಸ್ತಕ ಇದೆ. ಆಲ್ಬರ್ಟ್ ಮನ್ಸೆಲ್ ಅಮೆರಿಕದ ಚಿತ್ರಕಲಾ ಮೇಷ್ಟ್ರು, ಮಣ್ಣಿಗೂ ಅವರಿಗೂ ಸಂಬಂಧ ಇರಲಿಲ್ಲ. ಬಣ್ಣಗಳ ಚೀಟಿಗಳ ಪಕ್ಕ ಒದ್ದೆ ಮಣ್ಣು ಹಿಡಿದು ನೋಡಿ "10ವೈಆರ್ 3/1" ಅಂತ ಬರೆದರೆ ಜಗತ್ತಿನಲ್ಲಿ ಯಾರು ಓದಿದರೂ ಅದೇ ಕಡು ಬೂದು ಬಣ್ಣ. ಬೆಲೆ ಕೇಳಿ ನಾನು ಪುಸ್ತಕ ಕೆಳಗಿಟ್ಟೆ. ನಮ್ಮ ಅವ್ವನನ್ನು ಕರೆದುಕೊಂಡು ಹೋದರೂ ನಡೆಯುತ್ತಿತ್ತು, ಇಳಕಲ್ಲಿನಲ್ಲಿ ಸೀರೆ ಆರಿಸುವಾಗ ನಲವತ್ತು ಥರದ ಕೆಂಪು ಹೇಳುತ್ತಾಳೆ.

ಇನ್ನು ಜಿಗಿ. ಇದಕ್ಕೆ ಯಂತ್ರ ಬೇಡ, ಅಡುಗೆಮನೆ ಸಾಕು. ಮಣ್ಣಿಗೆ ನೀರು ಹಾಕಿ ನಾದಿ, ಹೆಬ್ಬೆರಳು ತೋರುಬೆರಳ ನಡುವೆ ಒತ್ತುತ್ತಾ ಪಟ್ಟಿಯ ಹಾಗೆ ಹೊರಗೆ ತಳ್ಳಬೇಕು. ಪಟ್ಟಿ 2.5 ಸೆಂಟಿಮೀಟರ್ ಆಗುವ ಮೊದಲೇ ಹರಿದರೆ ಹಗುರ ಮಣ್ಣು, 5 ದಾಟಿದರೂ ಹರಿಯದಿದ್ದರೆ ಜೇಡಿ. ಜೋಳದ ಹಿಟ್ಟಿಗೂ ಹೋಳಿಗೆ ಕಣಕಕ್ಕೂ ಇರುವ ವ್ಯತ್ಯಾಸವೇ ಇದು. ಜೋಳದ ಹಿಟ್ಟು ಎಳೆದರೆ ಹರಿಯುತ್ತದೆ, ಅದಕ್ಕೇ ರೊಟ್ಟಿ ಬಡಿಯುತ್ತೇವೆ. ಕಣಕ ಎಳೆದಷ್ಟೂ ಬರುತ್ತದೆ. ಕಂದು ರೇವೆ ಜೋಳದ ಹಿಟ್ಟಾಯಿತು, ಎರೆ ಕಣಕವೇ ಕಣಕ. ಏಳು ಸೆಂಟಿಮೀಟರ್ ಬಂದ ಮೇಲೆ ನಾನೇ ಕೈಬಿಟ್ಟೆ.

ಎರೆ ಪದರದಲ್ಲಿ ಒಂದು ಹೆಂಟೆ ಒಡೆದು ನೋಡಿ, ಓರೆಯಾಗಿ ಒಡೆಯುತ್ತದೆ, ಒಡೆದ ಮುಖ ಎಣ್ಣೆ ಸವರಿದ ಹಾಗೆ ಮಿಂಚುತ್ತದೆ. ಬೇಸಿಗೆಯಲ್ಲಿ ಹೊಲ ಬಿರುಕು ಬಿಡುತ್ತದಲ್ವಾ, ಮೇಲಿನ ಪುಡಿ ಮಣ್ಣು ಆ ಬಿರುಕಿಗೆ ಬೀಳುತ್ತದೆ, ಮಳೆ ಬಂದರೆ ಕೆಳಗೆ ಜಾಗ ಸಾಲದೆ ಮಣ್ಣು ಮಣ್ಣಿಗೇ ತಿಕ್ಕಿ ನುಣುಪಾಗುತ್ತದೆ. ಅಂದರೆ ಎರೆ ಮಣ್ಣು ತನ್ನನ್ನು ತಾನೇ ನುಂಗಿ ಕಲಸಿಕೊಳ್ಳುತ್ತದೆ. ನೆರೆ ತಂದ ಪದರಗಳ ಗುರುತೆಲ್ಲ ಅದರ ಹೊಟ್ಟೆಯಲ್ಲಿ ಮಾಯ.

ಇಲ್ಲೇ ಒಂದು ತಪ್ಪು ಕಲ್ಪನೆ ಬಿಡಿಸಬೇಕು. "ಮಣ್ಣು ಎಷ್ಟ್ ಕರಿ ಐತೋ ಅಷ್ಟ್ ಹಳೀದು" ಅಂತ ಕಾಕಾ ಹೇಳಿದರು, ಎಷ್ಟೋ ಜನ ಹಾಗೇ ಅಂದುಕೊಂಡಿದ್ದಾರೆ. ನನಗಂತೂ ಇದು ಒಪ್ಪಿಗೆ ಇಲ್ಲ. ಘಟಪ್ರಭಾ, ಕೃಷ್ಣಾ ಎರಡೂ ಮೇಲ್ಗಡೆ ಕರಿಕಲ್ಲಿನ ಸೀಮೆಯಿಂದ ಜೇಡಿ ಹೊತ್ತು ತರುತ್ತವೆ, ಮಣ್ಣು ಬರುವಾಗಲೇ ಕರಿ. ನಿನ್ನೆ ಮೊನ್ನೆಯ ಪದರವೂ ಕರಿ ಇರಬಹುದು. ಕರಿ ಅಂದರೆ ಸತ್ವ ಜಾಸ್ತಿ ಅಂತಲೂ ಅಲ್ಲ, ನಮ್ಮ ಎರೆಯಲ್ಲಿ ಸಾವಯವ ಇಂಗಾಲ ಸಾಮಾನ್ಯವಾಗಿ ನೂರಕ್ಕೆ ಒಂದೂ ಇರುವುದಿಲ್ಲ. ವಯಸ್ಸು ಕೇಳಬೇಕಾದ್ದು ಬಣ್ಣವನ್ನಲ್ಲ. ಸುಣ್ಣವನ್ನು.

(ಕಲ್ಲು ಮತ್ತೆ. ಈ ಸಲ ನಿಧಾನ ತಿರುಗಿಸುವುದು.)

ನಾನು ಈ ವಿಡಿಯೋ ಮಾಡಿದ್ದೇ ಇದಕ್ಕೆ. ಕಲ್ಲನ್ನು ಗೋಡೆಯಿಂದ ಕೀಳುವ ಮೊದಲು ಮೇಲಿನ ಮುಖಕ್ಕೆ ಮಾರ್ಕರ್‌ನಿಂದ ಒಂದು ಗೆರೆ ಎಳೆದಿದ್ದೆ. ಗೆರೆ ಇರುವ ಕಡೆ ನೋಡಿ, ಬೋಳು ಕಲ್ಲು. ತಿರುಗಿಸಿದರೆ ಕೆಳಗೆ ಬಿಳಿ ಪೊರೆ. ಮೇಲೆ ಒಂದು ಚುಕ್ಕೆ ಇಲ್ಲ, ಕೆಳಗೆ ಮಾತ್ರ. ಪಕ್ಕದ ಕಲ್ಲು ಕಿತ್ತೆ, ಹಾಗೇ. ಒಂದರ ಹಿಂದೆ ಒಂದು ಹದಿನಾಲ್ಕು ಕಲ್ಲು ಕಿತ್ತೆ, ಹದಿನಾಲ್ಕೂ ತಳಕ್ಕೆ ಸುಣ್ಣ ಬಳಿದುಕೊಂಡು ಕೂತಿದ್ದವು!

ಬೋರ್ ನೀರಿನ ಊರಿನವರಿಗೆ ಕಾರಣ ಬೇಗ ತಿಳಿಯುತ್ತದೆ. ನಲ್ಲಿ ಬಾಯಿಗೆ ಬಿಳಿ ಕಟ್ಟುತ್ತದಲ್ವಾ? ನೀರು ಹರಿದುಹೋಗುವ ಮೇಲ್ಭಾಗಕ್ಕೆ ಅಲ್ಲ, ಕೊನೆಯ ಹನಿ ಜೋತಾಡಿಕೊಂಡು ಒಣಗುವ ತುದಿಗೆ. ಮಣ್ಣೊಳಗೂ ಅದೇ ಕಥೆ. ಮಳೆ ನೀರು ಸುಣ್ಣ ಕರಗಿಸಿಕೊಂಡು ಇಳಿಯುತ್ತದೆ, ಕಲ್ಲಿನ ಮೈಮೇಲಿಂದ ಜಾರಿ ತಳದಲ್ಲಿ ಹನಿಯಾಗಿ ತೂಗುತ್ತದೆ, ಅಲ್ಲೇ ಒಣಗುತ್ತದೆ. ನೀರು ಹೋಯಿತು, ಸುಣ್ಣ ಉಳಿಯಿತು. ನಮ್ಮದು ಮಳೆ ಕಡಿಮೆ ಸೀಮೆ, ಸುಣ್ಣವನ್ನು ಪೂರ್ತಿ ತೊಳೆದು ಹೊಳೆಗೆ ಸಾಗಿಸುವಷ್ಟು ನೀರು ಇಳಿಯುವುದೇ ಇಲ್ಲ. ಹಾಗಾಗಿ ಕೂಡುತ್ತಾ ಹೋಗುತ್ತದೆ. ಖಾನಾಪುರದ ಕಾಡಿನ ಮಳೆಯಲ್ಲಿ ಈ ಪೊರೆ ಹುಡುಕಿಕೊಂಡು ಹೋಗಬೇಡಿ.

1966ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದ ಒಣ ನೆಲದಲ್ಲಿ ಲಿಲೇಂಡ್ ಗೈಲ್ ಮತ್ತು ಜೊತೆಗಾರರು ಇದನ್ನೇ ಹಂತಗಳಾಗಿ ಬರೆದಿಟ್ಟರು. ಕಲ್ಲಿಗೆ ಅಲ್ಲಲ್ಲಿ ತೆಳು ಪೊರೆ ಇದ್ದರೆ ಒಂದನೇ ಹಂತ. ಪೊರೆ ಕಲ್ಲನ್ನು ಸುತ್ತಿಕೊಂಡು, ಕಲ್ಲುಗಳ ಸಂದಿ ಕೂಡ ತುಂಬೋಕೆ ಶುರುವಾದರೆ ಎರಡು. ಸಂದಿಯೆಲ್ಲ ಮುಚ್ಚಿ ಪದರವೇ ಗಟ್ಟಿಯಾದರೆ ಮೂರು. ಇನ್ನು ನೀರಿಗೆ ದಾರಿಯೇ ಇಲ್ಲ ಅಂತಾಗಿ ಮೇಲೆ ಸುಣ್ಣದ ಹಾಳೆ ಕಟ್ಟಿದರೆ ನಾಲ್ಕು. ಹಂತ ಏರಿದಷ್ಟೂ ವಯಸ್ಸು ಜಾಸ್ತಿ, ಲೆಕ್ಕ ಸಾವಿರಾರು ವರ್ಷಗಳದ್ದು. ನಮ್ಮ ಕಲ್ಲು ಒಂದನೇ ಹಂತ. ಅದೇ ಹೊಲದಿಂದ ಒಂದು ಪಾವಟಿಗೆ ಮೇಲೆ, ರಸ್ತೆಗೆ ಕಡಿದ ದಿಬ್ಬದಲ್ಲಿ ನೋಡಿದರೆ ಕಲ್ಲು ಒಂದಕ್ಕೊಂದು ಅಂಟಿಕೊಂಡಿದ್ದವು, ಸುತ್ತಿಗೆ ಬೇಕಾಯಿತು. ಅಲ್ಲಿದ್ದ ಕರಿಕಲ್ಲಿನ ಉಂಡೆಗಳು ಚಾಕುವಿಗೇ ಕತ್ತರಿಸುವಷ್ಟು ಕೊಳೆತಿದ್ದವು, ಬಿಳಿ ಗಟ್ಟಿಕಲ್ಲುಗಳು ಮಾತ್ರ ಹಾಗೇ ಇದ್ದವು. ಎತ್ತರ ಏನು ಹೇಳುತ್ತಿತ್ತೋ ಸುಣ್ಣವೂ ಅದನ್ನೇ ಹೇಳಿತು. ನನ್ನ ಖುಷಿ ನೋಡಿ ಕಾಕಾಗೆ ನಗು.

ಇನ್ನೊಂದು ಮಜಾ. ಬಿಳಿ ಪೊರೆ ಕಲ್ಲಿನ ಮೇಲ್ಗಡೆ ಕಂಡರೆ ಯಾರೋ ಆ ಕಲ್ಲನ್ನು ಮಗುಚಿದ್ದಾರೆ ಅಂತ ಅರ್ಥ. ಅದು ಜೆಸಿಬಿ ಆಗಿರಬಹುದು, ಹಳೇ ಪಾವಟಿಗೆ ಕೊರೆದು ಕಲ್ಲು ಮತ್ತೆ ಹೊತ್ತು ತಂದ ಹೊಳೆಯೂ ಆಗಿರಬಹುದು. ಪೊರೆ ಸುಣ್ಣವೇ ಹೌದೋ ಅಲ್ಲವೋ ಅನ್ನೋಕೆ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಸಿಡ್ ಒಂದು ಹನಿ, ಬುಸ್ ಅಂತ ನೊರೆ ಬರುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ.

(ಟೈಮರ್ ತೋರಿಸುವುದು. ಎಡಿಟರ್ ಬೈಯುತ್ತಿದ್ದಾರೆ.)

ಸರಿ, ವರ್ಗೀಕರಣ, ಬೇಗ ಬೇಗ. ಮೊದಲು ಪದರಗಳಿಗೆ ಅಕ್ಷರ. ಗಳೆ ಹೊಡೆದದ್ದು ಎಪಿ, ಮಿಂಚುವ ಎರೆ ಬಿಎಸ್‌ಎಸ್, ಸುಣ್ಣದ ಹರಳಿನದು ಬಿಕೆ, ಗುಂಡುಕಲ್ಲಿನದು 2ಸಿಕೆ. ಆ ಮುಂದಿನ 2 ಯಾಕೆ ಅಂದರೆ ಅಲ್ಲಿ ಸರಕೇ ಬೇರೆ: ಮೇಲಿನದು ನೆರೆ ನೀರು ಇಳಿಬಿಟ್ಟದ್ದು, ಕೆಳಗಿನದು ಹೊಳೆ ತಳದ್ದು. ಆಮೇಲೆ ಹೆಸರು. 1975ರಲ್ಲಿ ಬಂದ ಅಮೆರಿಕದ ಪದ್ಧತಿಯನ್ನೇ ನಮ್ಮಲ್ಲೂ ಬಳಸುತ್ತಾರೆ, ಈಗ ಅದರಲ್ಲಿ ಹನ್ನೆರಡು ದೊಡ್ಡ ಮನೆತನ. ಕಾಕಾನ ಹೊಲದ್ದು ವರ್ಟಿಸಾಲ್ ಮನೆತನ, ಪೂರ್ತಿ ಹೆಸರು ಬಹುಶಃ ಟಿಪಿಕ್ ಹ್ಯಾಪ್ಲಸ್ಟರ್ಟ್. ಬಹುಶಃ ಯಾಕೆ ಅಂದರೆ ಜೇಡಿ ನೂರಕ್ಕೆ 30 ದಾಟಿದೆಯಾ ಅಂತ ಲ್ಯಾಬಿನಲ್ಲಿ ನೋಡಬೇಕು. ನಮ್ಮ ಕಡೆ ಅಡ್ಡಹೆಸರು ಕೊನೆಗೆ ಬರುವ ಹಾಗೆ ಇದನ್ನೂ ಹಿಂದಿನಿಂದ ಓದಿ: ಎರ್ಟ್ ಅಂದರೆ ವರ್ಟಿಸಾಲ್, ಅಸ್ಟ್ ಅಂದರೆ ಒಣ ಹವೆ, ಹ್ಯಾಪ್ಲ್ ಅಂದರೆ ಸಾದಾ, ಟಿಪಿಕ್ ಅಂದರೆ ಮಾಮೂಲಿ. ಇಷ್ಟುದ್ದ ಹೆಸರಿಟ್ಟು ಕೊನೆಗೆ ಹೇಳಿದ್ದು ಒಣ ಸೀಮೆಯ ಸಾದಾ ಎರೆ ಅಂತ!

ಕೆಳಗಿನ ಹೊಲ, ಅಂದರೆ ಟಿ0, ಬೇರೆ ಮನೆತನ. ಅಲ್ಲಿ ಗುದ್ದಲಿಯಿಂದ ಎರಡು ಅಡಿ ಅಗೆದರೆ ಉಸುಕು, ರೇವೆ, ಉಸುಕು, ರೇವೆ, ಸೀರೆ ಅಂಚಿನ ಹಾಗೆ ಗೆರೆಗಳು. ಮೇಲಿನ ಗೆರೆಗಳಲ್ಲಿ ಒಂದು 2019ರ ಆಗಸ್ಟಿನ ನೆರೆಯದು, ಯಾವುದು ಅಂತ ಕಾಕಾ ಬೆರಳಿಟ್ಟು ತೋರಿಸಿದರು, ಅದರಲ್ಲಿ ಕಬ್ಬಿನ ರವದಿ ಇನ್ನೂ ಇತ್ತು. ಇದು ಎಂಟಿಸಾಲ್ ಮನೆತನದ ಫ್ಲೂವೆಂಟ್ ಅನ್ನೋ ಕವಲು. ಇದರ ಗುರುತು ಏನೆಂದರೆ ಸಾವಯವ ಇಂಗಾಲ ಆಳಕ್ಕೆ ಹೋದ ಹಾಗೆ ನೆಟ್ಟಗೆ ಕಡಿಮೆಯಾಗುವುದಿಲ್ಲ, ಏರುತ್ತದೆ ಇಳಿಯುತ್ತದೆ, ಒಂದೊಂದು ನೆರೆಯೂ ತನ್ನ ಪಾಲು ತಂದು ಹಾಕಿರುತ್ತದೆ. ಇವೆರಡರ ನಡುವೆ, ಗೆರೆಗಳು ಅಳಿಸಿ ಹೋಗಿ ಮಣ್ಣು ಹೆಂಟೆ ಕಟ್ಟೋಕೆ ಶುರುವಾಗಿದ್ದರೆ ಇನ್ಸೆಪ್ಟಿಸಾಲ್. ಒಂದು ವಿಷಯ ಮರೆಯಬೇಡಿ, ಈ ಪದ್ಧತಿ ನಿಮ್ಮ ಹೊಲ ಯಾವ ಪಾವಟಿಗೆ ಮೇಲಿದೆ ಅಂತ ಕೇಳುವುದೇ ಇಲ್ಲ, ಗುಂಡಿಯೊಳಗೆ ಏನಿದೆ ಅಂತ ಮಾತ್ರ ಕೇಳುತ್ತದೆ. ಒಂದೇ ಪಾವಟಿಗೆ ಮೇಲೆ ಮೂರು ಹೆಸರಿನ ಮಣ್ಣು ಸಿಕ್ಕರೆ ಗಾಬರಿ ಬೇಡ. ಸವಳು, ಜವಳಿನ ಕಥೆ ಇನ್ನೊಂದು ವಿಡಿಯೋಗೆ.

ಇಷ್ಟೆಲ್ಲ ಹೇಳಿ ಮುಗಿಸಿದ ಮೇಲೆ ಕಾಕಾ ಕೇಳಿದರು, "ಅದೆಲ್ಲಾ ಖರೇ ತಮ್ಮಾ, ಹೊಂಡದಾಗ ನೀರ್ ನಿಂದರತಾವೇನ?"

ನಿಲ್ಲಲ್ಲ ಕಾಕಾ. ಎರೆಯಲ್ಲೇ ನಿಲ್ಲಿಸಿದ್ದರೆ ನಿಲ್ಲುತ್ತಿತ್ತು, ಗುಂಡುಕಲ್ಲಿಗೆ ಮುಟ್ಟಿದಿರಿ, ಅದು ಜರಡಿ. ಈಗ ತಳಕ್ಕೆ ನಿಮ್ಮದೇ ಎರೆ ಮಣ್ಣು ಹಾಕಿ ತುಳಿಸಬೇಕು, ಇಲ್ಲ ಪ್ಲಾಸ್ಟಿಕ್ ಹಾಳೆ ಹಾಸಬೇಕು. "ಮೊದಲ ಒಂದ್ ಮಳಿ ಆಗ್ಲಿ, ನೋಡೂಣು" ಅಂದರು.

(ಕೊನೆಯ ಶಾಟ್: ಕಾಕಾ ಕಳಿಸಿದ ಫೋಟೋ. ಮಳೆ ಬಂದ ಮೂರನೇ ದಿನ. ಖಾಲಿ ಹೊಂಡ, ತಳದಲ್ಲಿ ತೊಳೆದಿಟ್ಟ ಹಾಗೆ ಗುಂಡುಕಲ್ಲು.)