ಮೇಸ್ತ್ರಿಯ ಕೈಕೆಳಗೆ

ಕೇಳುಗರಿಗೆ ನಮಸ್ಕಾರ. ಪರದೇಶದ ಹಳ್ಳಿಶಾಲೆಗೆ ಸ್ವಯಂಸೇವಕರಾಗಿ ಹೋಗುವವರು ಪಾಠ ಹೇಳಲು ತಯಾರಾಗಿರುತ್ತಾರೆ; ಅಲ್ಲಿ ಹಲವು ಸಲ ಕೈಗೆ ಸಿಗುವುದು ಸಲಿಕೆ, ಬಾಂಡಲಿ. ಹೊರಡುವ ಮೊದಲು ವೀಸಾ ನಿಯಮ ನೋಡಿಕೊಳ್ಳಿ. ಕೆಲವು ದೇಶಗಳಲ್ಲಿ ಪ್ರವಾಸಿ ವೀಸಾದ ಮೇಲೆ ಸಂಬಳವಿಲ್ಲದ ದುಡಿಮೆಯನ್ನೂ ಮಾಡುವಂತಿಲ್ಲ. ಧನುರ್ವಾಯು ಲಸಿಕೆ ಹಾಕಿಸಿಕೊಂಡು 10 ವರ್ಷ ದಾಟಿದ್ದರೆ ಮತ್ತೊಮ್ಮೆ ಹಾಕಿಸಿಕೊಳ್ಳಿ.

ಗೋಡೆ ಕಟ್ಟುವುದು ಆ ಊರಿನ ಮೇಸ್ತ್ರಿಯ ಕೆಲಸ. ಪಳಗದ ಕೈ ಇಟ್ಟಿಗೆಯಿಟ್ಟರೆ ಗೋಡೆ ವಾಲುತ್ತದೆ, ಕೆಡವಿ ಕಟ್ಟುವ ಹೊರೆ ಅವರ ಮೇಲೇ ಬೀಳುತ್ತದೆ. ನಮ್ಮ ಪಾಲಿನದು ಕಾಂಕ್ರೀಟ್ ಕಲಸುವುದು, ಹೊರುವುದು, ನೀರುಣಿಸುವುದು. ಇದನ್ನು ಕೀಳು ಕೆಲಸವೆಂದು ಎಣಿಸಬೇಡಿ. ತರಗತಿಯ ನೆಲ ಬಾಳಿಕೆ ಬರುವುದು ಇದರ ಮೇಲೇ.

ನೆಲಕ್ಕೆ ಸಾಮಾನ್ಯವಾಗಿ ಒಂದು ಪಾಲು ಸಿಮೆಂಟ್, ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿ. ಸಲಿಕೆ ಲೆಕ್ಕ ನಂಬಬೇಡಿ, ಒಬ್ಬೊಬ್ಬರ ಸಲಿಕೆ ಒಂದೊಂದು ತುಂಬುತ್ತದೆ. ಒಳಗಿನ ಅಳತೆ 40, 35, 25 ಸೆಂಟಿಮೀಟರ್ ಇರುವ ಮರದ ಪೆಟ್ಟಿಗೆ ಮಾಡಿಸಿ. ಅದರಲ್ಲಿ 35 ಲೀಟರ್ ಹಿಡಿಯುತ್ತದೆ, ಅಂದರೆ 50 ಕಿಲೋ ಸಿಮೆಂಟಿನ ಒಂದು ಮೂಟೆಯಷ್ಟು. ಒಂದು ಮೂಟೆಗೆ ಎರಡು ಪೆಟ್ಟಿಗೆ ಮರಳು, ನಾಲ್ಕು ಪೆಟ್ಟಿಗೆ ಜಲ್ಲಿ. ಮೂಟೆಯನ್ನು ಇಬ್ಬರು ಹಿಡಿದೇ ಎತ್ತಬೇಕು.

ಬರಿಮಣ್ಣಿನ ಮೇಲೆ ಕಲಸಿದರೆ ಸಿಮೆಂಟಿನ ಹಾಲು ಇಂಗಿಹೋಗುತ್ತದೆ, ಮಣ್ಣೂ ಸೇರುತ್ತದೆ. ತಗಡು ಹಾಸಿಕೊಳ್ಳಿ. ಮರಳು, ಸಿಮೆಂಟ್ ಎರಡನ್ನೂ ಒಣಗಿದ್ದಾಗಲೇ ಬಣ್ಣ ಒಂದಾಗುವವರೆಗೆ ಮಗುಚಿ, ಆಮೇಲೆ ಜಲ್ಲಿ ಬೆರೆಸಿ, ನಡುವೆ ಗುಂಡಿ ಮಾಡಿ ನೀರನ್ನು ಸ್ವಲ್ಪಸ್ವಲ್ಪವೇ ಹಾಕಿ. ಮೂಟೆಗೆ 25 ಲೀಟರಿನ ಸುಮಾರು. ಮರಳು ಹಸಿಯಾಗಿದ್ದರೆ ಇನ್ನೂ ಕಡಿಮೆ. ಎಲ್ಲರೂ ಎಡವುವುದು ಇಲ್ಲೇ. ಕೈ ಸೋತಾಗ ಇನ್ನೊಂದು ಬಕೆಟ್ ಸುರಿದರೆ ಕಲಸುವುದು ಸಲೀಸಾಗುತ್ತದೆ, ನಿಜ. ಆದರೆ ಹೆಚ್ಚಾದ ನೀರು ಆವಿಯಾದ ಜಾಗ ಸಣ್ಣಸಣ್ಣ ರಂಧ್ರಗಳಾಗಿ ಉಳಿದು ನೆಲ ಪುಡಿಯೇಳುತ್ತದೆ, ಬಿರುಕು ಬಿಡುತ್ತದೆ. ಗಟ್ಟಿಯಾಗತೊಡಗಿದ ಮಿಶ್ರಣಕ್ಕೆ ನೀರು ಹಾಕಿ ಮೆತ್ತಗೆ ಮಾಡುವುದೂ ತಪ್ಪು. ಅರ್ಧ ಗಂಟೆಯಲ್ಲಿ ಸುರಿದು ಮುಗಿಸುವಷ್ಟೇ ಕಲಸಿ.

ಹಸಿ ಸಿಮೆಂಟ್ ಚರ್ಮವನ್ನು ಸುಡುತ್ತದೆ. ಅದರ ಕ್ಷಾರ ಅಷ್ಟು ತೀಕ್ಷ್ಣ. ಪ್ಯಾಂಟಿನ ಮಂಡಿ ನೆನೆದಾಗ, ಬೂಟಿನೊಳಗೆ ಸಿಮೆಂಟ್ ನೀರು ಇಳಿದಾಗ ಆ ಹೊತ್ತಿಗೆ ಉರಿಯೇ ಗೊತ್ತಾಗುವುದಿಲ್ಲ. ಗಂಟೆಗಳ ನಂತರ ಚರ್ಮ ಕೆಂಪಾಗಿ ಬೊಬ್ಬೆಯೇಳುತ್ತದೆ. ರಬ್ಬರ್ ಗ್ಲೌಸ್, ಎತ್ತರದ ಬೂಟು ಬೇಕೇ ಬೇಕು. ತಾಗಿದ ಕೂಡಲೇ ಬಟ್ಟೆ ಬಿಚ್ಚಿ ಧಾರಾಳ ನೀರಿನಲ್ಲಿ ತೊಳೆಯಿರಿ.

ಕಾಂಕ್ರೀಟ್ ಗಟ್ಟಿಯಾಗುವುದು ಒಣಗುವುದರಿಂದಲ್ಲ, ಸಿಮೆಂಟು ನೀರಿನೊಡನೆ ಕೂಡುವುದರಿಂದ. ಆದ್ದರಿಂದ ನೆಲಕ್ಕೆ ಮರುದಿನವೇ ಅಂಚಿನಲ್ಲಿ ಬದು ಕಟ್ಟಿ ನೀರು ನಿಲ್ಲಿಸಿ, ಇಲ್ಲವೆ ಒದ್ದೆ ಗೋಣಿ ಹೊದಿಸಿ ಕನಿಷ್ಠ 7 ದಿನ ಆರದಂತೆ ನೋಡಿಕೊಳ್ಳಬೇಕು. ಒಣಹವೆ ಇದ್ದರೆ 10 ದಿನ. ಹಾಗಾಗಿ ಕೊನೆಯ ಕಾಂಕ್ರೀಟನ್ನು ನಿಮ್ಮ ವಾಪಸಾತಿಗೆ ಒಂದೆರಡು ದಿನ ಇರುವಾಗ ಹಾಕಲೇಬೇಡಿ. ಶಾಲೆಗೆ ರಜೆ ಬಿದ್ದಿದ್ದರಂತೂ ನೀರುಣಿಸುವ ಹೊಣೆ ಯಾರದೆಂದು ಮುಖ್ಯೋಪಾಧ್ಯಾಯರ ಬಳಿ ಮಾತಾಡಿ, ಆ ನಂತರವೇ ಮೂಟೆ ಬಿಚ್ಚಿ.